ಕೆಳಗಿನ ಕೊಂಬೆಯ ಬೂದವ್ವ

ಒಂದು ಕಾಡಿನ ನಡುವೆ ಬೇಸಿಗೆಯಲ್ಲೂ ಬತ್ತದ ಕೆರೆಯಿತ್ತು. ಕೆರೆಯ ದಡದಲ್ಲಿ ಎತ್ತರದ ಮತ್ತಿಮರವಿತ್ತು. ಆ ಮರದ ಕೆಳಗಿನ ಕೊಂಬೆಯ ಮೇಲೆ ಬೂದವ್ವ ಎಂಬ ಕರಿಮೋರೆಯ ಮುದಿ ಮುಸುವ ಕೋತಿ ಕೂತಿರುತ್ತಿದ್ದಳು. ಜಿಂಕೆಗಳು ನೀರಿಗೆ ಬಂದಾಗ ಕಾವಲು ಕಾಯುವುದು ಅವಳ ಕೆಲಸ. ಚಿರತೆಯ ಸುಳಿವು ಕಂಡರೆ ‘ಖಕ್! ಖಕ್!’ ಎಂದು ಕೂಗುತ್ತಿದ್ದಳು. ಜಿಂಕೆಗಳು ಹಿಂದೆ ಮುಂದೆ ನೋಡದೆ ಓಡುತ್ತಿದ್ದವು. ಸಂಜೆ ಎಲ್ಲರೂ ಕುಡಿದು ಹೋದ ಮೇಲೆ ಬೂದವ್ವ ಕೆಳಗಿಳಿದು ಒಂದು ಬೊಗಸೆ ನೀರು ಕುಡಿಯುತ್ತಿದ್ದಳು. ಅಷ್ಟು ರುಚಿಯಾದ ನೀರು ಬೇರೆಲ್ಲೂ ಇಲ್ಲ ಎನ್ನುತ್ತಿದ್ದಳು.

ಗಿರಿಯಪ್ಪ ಎಂಬ ನರಿಗೆ ಇದರಿಂದ ಹೊಟ್ಟೆಪಾಡು ಕಷ್ಟವಾಗಿತ್ತು. ಚಿರತೆ ತಿಂದು ಬಿಟ್ಟದ್ದೇ ಅವನ ಊಟ. ಚಿರತೆಗೇ ಬೇಟೆ ಸಿಗದಿದ್ದರೆ ಅವನಿಗೆ ಏನು ಸಿಗಬೇಕು? ಬೂದವ್ವನನ್ನು ಬೈದರೆ ಜಿಂಕೆಗಳು ತನ್ನನ್ನೇ ಓಡಿಸುತ್ತವೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಅವನು ಅವಳನ್ನು ಹೊಗಳಲು ಶುರು ಮಾಡಿದ.

ಜಿಂಕೆಗಳ ಹಿಂಡಿಗೆ ಹೊನ್ನಿ ಯಜಮಾನಿ. ಅವಳಿಗೊಂದು ಎಳೆಯ ಮರಿಯಿತ್ತು. ಗಿರಿಯಪ್ಪ ಅವಳ ಬಳಿ ಬಂದು, “ಹೊನ್ನಕ್ಕ, ಬೂದವ್ವನವರನ್ನು ನೋಡಿದರೆ ಕರುಳು ಚುರ್ ಅನ್ನುತ್ತೆ. ಈ ವಯಸ್ಸಲ್ಲೂ ದುಡಿಸ್ಕೋತೀರಲ್ಲ! ನೋಡಿದವರು ಏನಂದಾರು?” ಎಂದ.

“ನಾವೆಲ್ಲಿ ದುಡಿಸ್ಕೊಂಡ್ವಿ? ಅವಳೇ ಬಂದು ಕೂತ್ಕೋತಾಳೆ.”

“ಎಲ್ಲಿ ಕೂತ್ಕೋತಾರೆ, ನೋಡಿದೀರಾ? ಕೆಳಗಿನ ಕೊಂಬೆ! ಮೇಲೆ ಹತ್ತೋಕೆ ಆಗಲ್ಲ, ಪಾಪ. ನಾಳೆ ಚಿರತೆ ಬಂದರೂ ಕಣ್ಣಿಗೆ ಕಾಣದೇ ಹೋದರೆ? ನಿಮ್ಮದೋ ಎಳೇ ಮರಿ...”

ಹೊನ್ನಿ ತನ್ನ ಮರಿಯ ಕಡೆ ನೋಡಿದಳು. ಅವಳ ಮನಸ್ಸಿನಲ್ಲಿ ಅಳುಕು ಹುಟ್ಟಿತು. “ಹಾಗಂತ ಹೋಗು ಅನ್ನೋಕಾಗುತ್ತಾ ಗಿರಿಯಪ್ಪ? ನಮ್ಮ ಪ್ರಾಣ ಉಳಿಸಿದವಳು.”

“ಛೆ ಛೆ! ಹೋಗು ಅನ್ನೋದು ಯಾಕೆ? ಸನ್ಮಾನ ಮಾಡೋಣ!”

ಸನ್ಮಾನ ಭರ್ಜರಿಯಾಗಿ ನಡೆಯಿತು. ಬೂದವ್ವನ ಹೆಗಲಿಗೆ ತೇಗದ ಎಲೆಯ ಶಾಲು ಹೊದಿಸಿದರು. ಮಡಿಲಿಗೆ ಅತ್ತಿಹಣ್ಣು ತುಂಬಿದರು. ಮುತ್ತುಗದ ಹೂವಿನ ಹಾರವನ್ನು ಹೊನ್ನಿಯೇ ಹಾಕಿದಳು. ಗಿರಿಯಪ್ಪ ಭಾಷಣಕ್ಕೆ ನಿಂತ.

“ಬೂದವ್ವನವರು ಎಂಥ ಕೂಗು ಕೂಗುತ್ತಿದ್ದರು! ಎಂಥ ಕಣ್ಣು ಇತ್ತು ಅವರಿಗೆ!”

“ಈಗಲೂ ಕೂಗ್ತೀನಪ್ಪ. ನಾನಿನ್ನೂ ಇದ್ದೀನಿ,” ಎಂದಳು ಬೂದವ್ವ.

ಎಲ್ಲರೂ ನಕ್ಕರು. ಗಿರಿಯಪ್ಪ, “ನೋಡಿ, ಮೈಯೆಲ್ಲ ನರೆ. ಇನ್ನಾದರೂ ವಿಶ್ರಾಂತಿ ಬೇಡವೇ?” ಎಂದ.

“ನರೆ ನೋಡಿ ಹೇಳ್ತೀಯಾ? ನಮ್ಮ ಕುಲಕ್ಕೆ ಹಾಲು ಬಿಟ್ಟಾಗಲೇ ನರೆ!”

ಮತ್ತೆ ನಗು. ಅಷ್ಟರಲ್ಲಿ ಅವಳ ಜಾಗಕ್ಕೆ ಹೊಸ ಕಾವಲುಗಾರನಾಗಿ ಆರಿಸಿದ್ದ ಸಿಂಗ ಎಂಬ ಎಳೆಯ ಮುಸುವ ಸರಸರನೆ ಮತ್ತಿಮರದ ತುದಿಗೆ ಹತ್ತಿ ಕೂತ. ಜಿಂಕೆಗಳು ಸಂತೋಷದಿಂದ ಗೊರಸು ಬಡಿದವು.

“ಸಿಂಗ, ಕೆಳಗೆ ಕೂತ್ಕೊಳಪ್ಪ,” ಎಂದು ಬೂದವ್ವ ಕೂಗಿ ಹೇಳಿದಳು. “ಮೇಲೆ ಹತ್ತೋಕೆ ನನ್ನ ಕೈಲಿ ಆಗಲ್ಲ, ನಿಜ. ಆದರೆ ಚಿರತೆ ಆಕಾಶದಿಂದ ಇಳಿದು ಬರಲ್ಲ. ಪೊದೆ ಅಡಿಯಿಂದ ಬರುತ್ತೆ.”

“ಆಹಾ, ಎಂಥ ತಮಾಷೆಯ ಸ್ವಭಾವ ಇತ್ತು ಅಜ್ಜಿಯವರದು!” ಎಂದು ಗಿರಿಯಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿ, “ಸನ್ಮಾನ ಆದವರು ಮತ್ತೆ ಕೂಗಬಾರದು ಅಜ್ಜಿ. ಆ ಹುಡುಗನಿಗೆ ಅವಮಾನ ಆಗುತ್ತೆ,” ಎಂದ.

ಬೂದವ್ವ ಆಚೆ ದಡದ ಅತ್ತಿಮರಕ್ಕೆ ಹೋದಳು. ಕೈ ಚಾಚಿದರೆ ಹಣ್ಣು. ಆದರೆ ಅವಳು ಕೈ ಚಾಚಲಿಲ್ಲ. ದಿನವೆಲ್ಲ ಕೆರೆಯನ್ನೇ ನೋಡುತ್ತ ಕೂತಿರುತ್ತಿದ್ದಳು.

ಸಿಂಗ ಸೋಮಾರಿಯಲ್ಲ. ತುದಿಯ ಕೊಂಬೆಯಿಂದ ಅವನಿಗೆ ದೂರದ ಬೆಟ್ಟಗಳೂ ಕಾಣುತ್ತಿದ್ದವು. ಮರದ ಎಲೆಗಳ ಮರೆಯಿಂದ ಕೆಳಗಿನ ಲಂಟಾನ ಪೊದೆ ಮಾತ್ರ ಕಾಣುತ್ತಿರಲಿಲ್ಲ.

ಒಂದು ಸಂಜೆ ಜಿಂಕೆಗಳು ನೀರು ಕುಡಿಯುತ್ತಿದ್ದವು. ಗಾಳಿಯಿಲ್ಲದೆ ಪೊದೆ ಅಲ್ಲಾಡಿದ್ದನ್ನು ಬೂದವ್ವ ಆಚೆ ದಡದಿಂದ ಕಂಡಳು. ಕೂಗು ಗಂಟಲಿಗೆ ಬಂತು. ‘ಸಿಂಗ ಇದ್ದಾನಲ್ಲ, ಕೂಗಲು ಈಗ ನಾನು ಯಾರು?’ ಎಂದು ಅವಳು ಅದನ್ನು ಒಂದು ಉಸಿರಿನಷ್ಟು ಹೊತ್ತು ತಡೆದಳು. ತಡೆಯಲಾರದೆ ಕೂಗಿದಳು. ಹಿಂಡು ಚದುರಿ ಓಡಿತು. ಹೊನ್ನಿಯ ಮರಿ ಓಡಲಿಲ್ಲ. ಅದು ಆಗಲೇ ಚಿರತೆಯ ಬಾಯಲ್ಲಿತ್ತು.

ಜಿಂಕೆಗಳು ಆ ಕೆರೆಯನ್ನೇ ಬಿಟ್ಟು, ದೂರದ ಕೆಸರು ಗುಂಡಿಗೆ ಹೋಗತೊಡಗಿದವು. ಚಿರತೆಗೆ ಮತ್ತೆ ಬೇಟೆ ಇಲ್ಲವಾಯಿತು. ‘ಒಂದು ಜಿಂಕೆಯಾದರೂ ಬಾರದೇ’ ಎಂದು ಗಿರಿಯಪ್ಪ ದಡದಲ್ಲಿ ಕಾದು ಕೂತ. ಅವನ ಬೆನ್ನ ಹಿಂದೆ ಪೊದೆ ಅಲ್ಲಾಡಿತು.

ಈ ಸಲ ಬೂದವ್ವ ತಡೆಯಲಿಲ್ಲ. ಅಲ್ಲಿದ್ದವನು ಯಾರೆಂದೂ ನೋಡಲಿಲ್ಲ. “ಖಕ್! ಖಕ್!”

ಗಿರಿಯಪ್ಪ ತಿರುಗಿಯೂ ನೋಡದೆ, “ಅಜ್ಜೀ, ತಮ್ಮ ಕಾಲ ಮುಗೀತು. ಸುಮ್ಮನೆ ಹಣ್ಣು ತಿಂತಾ ಇರಿ,” ಎಂದ. ಅದೇ ಅವನ ಕೊನೆಯ ಮಾತಾಯಿತು. ಹಸಿದ ಚಿರತೆ ಅವನ ಕುತ್ತಿಗೆ ಹಿಡಿದು ಎಳೆದೊಯ್ದಿತು.

ಸುದ್ದಿ ಕೇಳಿ ಹೊನ್ನಿ ಅತ್ತಿಮರದ ಕೆಳಗೆ ಬಂದು ನಿಂತಳು. “ಅಜ್ಜಿ, ಅವತ್ತು ನೀನು ಒಂದು ಉಸಿರು ಮೊದಲೇ ಕೂಗಿದ್ದರೆ...” ಎಂದವಳು ತಡೆದು ಹೇಳಿದಳು, “ಇಲ್ಲ. ನಿನ್ನ ಬಾಯಿ ಕಟ್ಟಿದ್ದು ನಾವೇ. ಹಾರ ಹಾಕಿದ್ದು ನಾನೇ.”

“ಕಟ್ಟಿಸ್ಕೊಂಡಿದ್ದು ನಾನು ಮಗಳೇ,” ಎಂದಳು ಬೂದವ್ವ.

ಅವಳು ಮತ್ತಿಮರದ ಕೆಳಗಿನ ಕೊಂಬೆಗೆ ಹಿಂತಿರುಗಿದಳು. ಸಿಂಗನೂ ಇಳಿದು ಬಂದು ಅವಳ ಪಕ್ಕದಲ್ಲೇ ಕೂತ. ಜಿಂಕೆಗಳೂ ಕೆರೆಗೆ ಮರಳಿದವು. ಸಂಜೆ ಬೂದವ್ವ ಒಂದು ಬೊಗಸೆ ನೀರು ಕುಡಿದಳು. ಹಿಂದಿನ ರುಚಿ ಅದರಲ್ಲಿ ಇರಲಿಲ್ಲ.

ಮುಂದೊಂದು ದಿನ ಪಕ್ಕದ ಕಾಡಿನ ಜಿಂಕೆಯೊಂದು ನೀರಿಗೆ ಬಂತು. ಮರದತ್ತ ನೋಡಿ, “ಯಾರಕ್ಕ ಆ ಅಜ್ಜಿ?” ಎಂದು ಹೊನ್ನಿಯನ್ನು ಕೇಳಿತು.

“ಬೂದವ್ವ. ನಮ್ಮನ್ನು ಕಾಯ್ತಾಳೆ.”

“ನಿನಗೆ ಮಕ್ಕಳು?”

ಹೊನ್ನಿ ನೀರಿನಿಂದ ತಲೆ ಎತ್ತಿದಳು. “ಒಂದು ಮರಿ ಇತ್ತು,” ಎಂದಳು.

ನೀತಿ: ದುಡಿಯಬಲ್ಲ ಹಿರಿಯರನ್ನು ವಯಸ್ಸಿನ ನೆಪದಿಂದ ಹೊಗಳಿ ಹೊರಗೆ ಕೂರಿಸಬಾರದು, ಅವರ ಮಾತಿಗೆ ಕಿವಿಗೊಡಬೇಕಾದದ್ದು ಅವರು ಜೊತೆಗಿರುವಾಗಲೇ.