ಹುಣಸೆ ವರ್ತಕನ ಫೋನು

"ಗುರುಗಳೇ, ಪರದೇಶಕ್ಕೆ ಇಂಟರ್ನೆಟ್ಟಿನ ಮೂಲಕ ಫೋನು ಮಾಡುವ ಸೇವೆಗಳು ಹತ್ತಾರಿವೆ. ಅವುಗಳಲ್ಲಿ ಯಾವುದನ್ನು ಕೊಳ್ಳಲಿ?"

ಹೀಗೆ ಕೇಳಿದವನು ಬೆಲ್ಲದ ವ್ಯಾಪಾರಿ ತೋಂಟದಾರ್ಯ. ಕೇಳಿದ್ದು ಮಠದ ಜಗಲಿಯ ಮೇಲೆ, ಮಧ್ಯಾಹ್ನದ ಪ್ರಸಾದ ಮುಗಿದು ಗುರುಗಳು ಗೋಡೆಗೆ ಒರಗಿ ಕುಳಿತಿದ್ದ ಹೊತ್ತಿನಲ್ಲಿ. ಮುಕ್ತಿಯ ಪ್ರಶ್ನೆ ಕೇಳುವ ಜಾಗದಲ್ಲಿ ಫೋನಿನ ಪ್ರಶ್ನೆ ಕೇಳಿದನಲ್ಲ ಎಂದು ಪಕ್ಕದಲ್ಲಿದ್ದ ಇಬ್ಬರು ಮುಖ ಮುಖ ನೋಡಿಕೊಂಡು ನಕ್ಕರು. ಗುರುಗಳು ನಗಲಿಲ್ಲ.

"ಎಷ್ಟು ಬಗೆ ಇವೆ, ಹೇಳು."

ತೋಂಟದಾರ್ಯನಿಗೆ ಅಷ್ಟೇ ಬೇಕಾಗಿತ್ತು. ಒಂದು ಪುಕ್ಕಟೆಯದು, ಆದರೆ ಎರಡೂ ಕಡೆಯವರ ಬಳಿ ಅದೇ ಆ್ಯಪ್ ಇರಬೇಕು, ತನ್ನ ಬೆಲ್ಲ ಕೇಳಿದ ಹಾಲೆಂಡಿನ ಗಿರಾಕಿಯ ಕಚೇರಿಯಲ್ಲಿರುವುದೋ ಮೇಜಿನ ಮೇಲಿನ ಹಳೆಯ ಫೋನು. ಇನ್ನೊಂದು ನಿಮಿಷದ ಲೆಕ್ಕದ್ದು; ಅರ್ಧ ನಿಮಿಷ ಮಾತಾಡಿದರೂ ಪೂರ್ತಿ ನಿಮಿಷದ ದುಡ್ಡು ಹಿಡಿಯುತ್ತಾರೆ. ಮತ್ತೊಂದು ತಿಂಗಳ ಬಾಡಿಗೆಯದು, ಮಾತಾಡಿದರೂ ಕೊಡಬೇಕು, ಆಡದಿದ್ದರೂ ಕೊಡಬೇಕು. ಎಲ್ಲಕ್ಕಿಂತ ಅಗ್ಗವಾದದ್ದು ಒಂದಿದೆ, ಧ್ವನಿ ಸ್ವಲ್ಪ ತಡವಾಗಿ ತಲುಪುತ್ತದಂತೆ. ಎಲ್ಲಕ್ಕಿಂತ ದುಬಾರಿಯದು ಒಂದಿದೆ, ಪಕ್ಕದ ಕೋಣೆಯಿಂದ ಮಾತಾಡಿದ ಹಾಗೆ ಕೇಳಿಸುತ್ತದಂತೆ. ಬೆಲ್ಲದ ಮಾದರಿ ಈಗಾಗಲೇ ಹಾಲೆಂಡ್ ತಲುಪಿದೆ. ಸೋಮವಾರ ಮೊದಲ ಸಲ ಬೆಲೆಯ ಮಾತು. ಪರದೇಶದ ಗಿರಾಕಿ ಎಂದರೆ ಅವನಿಗೆ ಇದೇ ಮೊದಲು.

"ಮಾತು ಕೆಟ್ಟರೆ ಗಿರಾಕಿ ಕೈಬಿಟ್ಟ ಹಾಗೆಯೇ, ಗುರುಗಳೇ. ಅದಕ್ಕೇ ಕೇಳುತ್ತಿದ್ದೇನೆ."

"ಸರಿ, ಕೇಳು" ಎಂದು ಗುರುಗಳು ಕತೆ ಪ್ರಾರಂಭಿಸಿದರು.

ಒಂದು ಊರಿನಲ್ಲಿ ಒಬ್ಬ ಹುಣಸೆಹಣ್ಣಿನ ವರ್ತಕನಿದ್ದ. ಮೀಸೆ ಮೂಡುವ ಮೊದಲೇ ಮಂಡಿಗೆ ಹೋಗಿ ಕುಳಿತವನು. ಆ ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವ ಪದ್ಧತಿಯಿರಲಿಲ್ಲ. ಮಾರುವವನೂ ಕೊಳ್ಳುವವನೂ ಒಂದು ಟವೆಲಿನ ಕೆಳಗೆ ಕೈ ಹಿಡಿದುಕೊಳ್ಳುತ್ತಿದ್ದರು. ಬೆರಳು ಒತ್ತಿದರೆ ಬೆಲೆ. ತಿರುಗಿ ಒತ್ತಿದರೆ ಒಪ್ಪಿಗೆ. ಎದುರಿನ ಕೈ ಅಲುಗಾಡದೆ ಬಿದ್ದಿದ್ದರೆ, ಇನ್ನೂ ಇಳಿಸು ಎಂದು ಅರ್ಥ. ಸುತ್ತ ನಿಂತವರಿಗೆ ಟವೆಲು ಬಿಟ್ಟು ಬೇರೇನೂ ಕಾಣಿಸುತ್ತಿರಲಿಲ್ಲ. ಆ ವಿದ್ಯೆಯಲ್ಲಿ ನಮ್ಮ ವರ್ತಕ ಗಟ್ಟಿಗ. ಕೈ ಎಷ್ಟು ಹೊತ್ತು ಸುಮ್ಮನಿದೆ ಎಂಬುದರಲ್ಲೇ ಎದುರಿನವನ ಮನಸ್ಸನ್ನು ಅಳೆದುಬಿಡುತ್ತಿದ್ದ.

ಅವನಿಗೆ ಈಜಿಪ್ಟಿನಿಂದ ಒಬ್ಬ ಗಿರಾಕಿ ಸಿಕ್ಕಿದ. ಅಲ್ಲಿಯ ಜನ ಹುಣಸೆಯ ಪಾನಕವನ್ನು ಇಷ್ಟಪಟ್ಟು ಕುಡಿಯುತ್ತಾರೆ. ಗಿರಾಕಿ ಕಾಗದಪತ್ರದ ಮನುಷ್ಯನಲ್ಲ. ಏನಿದ್ದರೂ ಅಂಗಡಿಯ ಫೋನಿನಲ್ಲಿ ಮಾತಾಡಿಯೇ ತೀರ್ಮಾನವಾಗಬೇಕು. ಇಬ್ಬರಿಗೂ ಬರುತ್ತಿದ್ದದ್ದು ಹರಕು ಮುರುಕು ಇಂಗ್ಲಿಷು. ಎರಡು ಹರಕು ಸೇರಿದರೆ ವ್ಯಾಪಾರಕ್ಕೆ ಸಾಕಾಗುವಷ್ಟು ಬಟ್ಟೆಯಾಗುತ್ತಿತ್ತು, ಬಿಡು.

ಈಗ ವರ್ತಕನೂ ನಿನ್ನ ಹಾಗೆಯೇ ಹುಡುಕಿದ. ಪುಕ್ಕಟೆಯದನ್ನು ನೋಡಿದ, ನಿಮಿಷದ್ದನ್ನು ನೋಡಿದ, ತಿಂಗಳದ್ದನ್ನು ನೋಡಿದ. ಕಂಡಕಂಡವರನ್ನೆಲ್ಲ ವಿಚಾರಿಸಿದ. ಕೊನೆಗೆ ಎಲ್ಲಕ್ಕಿಂತ ಅಗ್ಗವಾದದ್ದನ್ನು ಕೊಂಡು, ಮದುವೆಗೆ ಒಳ್ಳೆಯ ಸಂಬಂಧ ಕುದುರಿಸಿದವನ ಹಾಗೆ ಊರೆಲ್ಲ ಹೇಳಿಕೊಂಡು ಬಂದ. ಆ ಸೇವೆಯಲ್ಲಿ ಧ್ವನಿ ಸ್ಪಷ್ಟವಾಗಿತ್ತು. ಆದರೆ ಇಲ್ಲಿ ಆಡಿದ್ದು ಅಲ್ಲಿಗೆ ತಲುಪಲು, ಅಲ್ಲಿಯದು ಇಲ್ಲಿಗೆ ಬರಲು ಒಂದೆರಡು ಉಸಿರು ಹಿಡಿಯುತ್ತಿತ್ತು.

ಮೊದಲ ಸಲ ವರ್ತಕ ಬೆಲೆ ಹೇಳಿದ. ಆ ಕಡೆಯಿಂದ ಸದ್ದಿಲ್ಲ. ಟವೆಲಿನ ಕೆಳಗಿನ ಕೈ ಅಲುಗಾಡಲಿಲ್ಲ ಎಂದುಕೊಂಡ. ಸ್ವಲ್ಪ ಇಳಿಸಿದ. ಆಗಲೂ ಸದ್ದಿಲ್ಲ. ಇನ್ನಷ್ಟು ಇಳಿಸಿದ. ಆಗ "ಆಗಲಿ" ಎಂಬ ಮಾತು ಬಂದಿತು. ವರ್ತಕ ಹಣೆಯ ಬೆವರು ಒರೆಸಿಕೊಂಡು, ಗಿರಾಕಿ ಬಲು ಬಿಗಿ ಮನುಷ್ಯ ಎಂದು ಹೆಂಡತಿಯ ಮುಂದೆ ಹೊಗಳಿದ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಹೆಂಡತಿ ಹೇಳಿದಳು: "ಅವನೆಲ್ಲಿ ಬಿಗಿ ಮಾಡಿದ? ಆ ಪುಣ್ಯಾತ್ಮ ಬಾಯೇ ತೆರೆಯಲಿಲ್ಲ. ಮಾರಿದವರೂ ನೀವೇ, ಚೌಕಾಸಿ ಮಾಡಿದವರೂ ನೀವೇ. ನಡುವೆ ಫೋನು ಯಾಕೆ ಬೇಕಿತ್ತು? ಕನ್ನಡಿ ಸಾಕಾಗಿತ್ತು."

"ನಿನಗೆ ಮಂಡಿಯ ಮಾತು ತಿಳಿಯುವುದಿಲ್ಲ, ಸುಮ್ಮನಿರು" ಎಂದ ವರ್ತಕ.

ಆ ಕಡೆ ನಡೆದದ್ದು ಬೇರೆ. ಗಿರಾಕಿ ಮೊದಲ ಬೆಲೆ ಕೇಳಿದ ಸ್ವಲ್ಪ ಹೊತ್ತಿಗೇ ಒಪ್ಪಿದ್ದ. ಆ ಒಪ್ಪಿಗೆ ಕಡಲು ದಾಟಿ ಬರುವಷ್ಟರಲ್ಲಿ ವರ್ತಕ ಎರಡು ಮೆಟ್ಟಿಲು ಇಳಿದಾಗಿತ್ತು. ಒಪ್ಪಿದ ಮೇಲೂ ಇಳಿಸುತ್ತಾನಲ್ಲ, ಎಂಥ ಧಾರಾಳಿ ಎಂದು ಗಿರಾಕಿ ಸಂತೋಷಪಟ್ಟ. ಎರಡನೆಯ ಸಲವೂ ಹಾಗೆಯೇ ಆಯಿತು. ಆಗ ಸಂತೋಷ ಹೋಗಿ ಆಶ್ಚರ್ಯ ಬಂದಿತು. ಮೂರನೆಯ ಸಲ ಆಶ್ಚರ್ಯವೂ ಹೋಗಿ ಅನುಮಾನ ಬಂದಿತು.

"ನಾನು ಆಗಲಿ ಅಂದ ಮೇಲೂ ನೀನು ಬೆಲೆ ಇಳಿಸುತ್ತೀಯ. ಚೀಲದಲ್ಲಿ ಏನಿದೆ? ಹಣ್ಣೋ, ಬರೀ ಬೀಜವೋ?" ಎಂದ. ವರ್ತಕ ಏನು ಹೇಳಿದರೂ ಅರ್ಧ ಮಾತು ಅವನ ಮಾತಿನ ಮೇಲೆ ಹೋಗಿ ಬಿತ್ತು. ಗಿರಾಕಿ ಯೋಚಿಸಿ ಹೇಳುತ್ತೇನೆಂದು ಫೋನು ಇಟ್ಟ.

ವರ್ತಕನಿಗೆ ಇದು ಸಣ್ಣ ಪೆಟ್ಟಲ್ಲ. ಯಾಕೆಂದರೆ ಆ ವರ್ಷ ಅವನು ಈ ಒಬ್ಬ ಗಿರಾಕಿಯನ್ನೇ ನಂಬಿ ಗೋದಾಮಿನ ತುಂಬ ಹಣ್ಣು ತುಂಬಿದ್ದ. ಹುಣಸೆಹಣ್ಣು ಹೊಸದರಲ್ಲಿ ಕೆಂಪಗೆ, ನೋಡಲು ಚೆನ್ನ. ಬೇಸಿಗೆ ಬಲಿತಂತೆ ಸೆಕೆಗೆ ಕಪ್ಪಾಗುತ್ತದೆ. ಕಪ್ಪಾದದ್ದನ್ನು ಪರದೇಶದವರು ಮೂಸಿಯೂ ನೋಡುವುದಿಲ್ಲ. ಆಗಲೇ ಬಿಸಿಲು ಏರತೊಡಗಿತ್ತು.

ತಪ್ಪೆಲ್ಲ ಅಗ್ಗದ ಸೇವೆಯದೇ ಎಂದು ವರ್ತಕ ತೀರ್ಮಾನಿಸಿದ. ಅದರಲ್ಲಿ ತಪ್ಪಿರಲೇ ಇಲ್ಲವೆಂದು ನಾನೂ ಹೇಳುವುದಿಲ್ಲ. ಓಡಿಹೋಗಿ ಎಲ್ಲಕ್ಕಿಂತ ದುಬಾರಿಯಾದದ್ದನ್ನು ಕೊಂಡ. ಅದು ನಿಜವಾಗಿಯೂ ಒಳ್ಳೆಯ ಸೇವೆ. ಗಿರಾಕಿ ಉಸಿರೆಳೆದುಕೊಂಡರೂ ಕೇಳಿಸುತ್ತಿತ್ತು. ವರ್ತಕ ಕ್ಷೇಮಸಮಾಚಾರ ವಿಚಾರಿಸಿದ, ತಡವಿಲ್ಲದೆ ಉತ್ತರ ಬಂದಿತು. ಅವನಿಗೆ ಧೈರ್ಯ ಬಂದಿತು. ಬೆಲೆ ಹೇಳಿದ.

ಆ ಕಡೆಯಿಂದ ಸದ್ದಿಲ್ಲ.

ಸೇವೆ ಬದಲಾಗಿತ್ತು, ಮಂಡಿಯಲ್ಲಿ ಪಳಗಿದ ಕೈ ಬದಲಾಗಿರಲಿಲ್ಲ. ವರ್ತಕ ಬೆಲೆ ಇಳಿಸಿದ. ಇಳಿಸಿದ್ದು ಆ ಕ್ಷಣವೇ ಗಿರಾಕಿಗೆ ಕೇಳಿಸಿತು.

"ನಾನು ಇನ್ನೂ ಬಾಯಿ ಬಿಟ್ಟಿಲ್ಲ" ಎಂದ ಗಿರಾಕಿ. "ನಿನ್ನ ಮಾಲಿಗೆ ನೀನೇ ಇಷ್ಟು ಹೆದರಿದರೆ ನಾನೆಷ್ಟು ಹೆದರಬೇಕು? ಶುಕ್ರವಾರ ಒಂದು ಸಲ ಮಾತಾಡೋಣ. ಅದೇ ಕೊನೆ. ಸರಿಬರದಿದ್ದರೆ ಬೇರೆ ಕಡೆ ಕೊಳ್ಳುತ್ತೇನೆ."

ವರ್ತಕನಿಗೆ ಈಗ ಬೈಯಲು ಯಾವ ಸೇವೆಯೂ ಉಳಿಯಲಿಲ್ಲ. ಗೋದಾಮಿಗೆ ಹೋಗಿ ಚೀಲಗಳ ನಡುವೆ ಕುಳಿತ. ಒಂದು ಚೀಲ ಬಿಚ್ಚಿ ನೋಡಿದ; ಇನ್ನೂ ಕೆಂಪಗಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದ: "ದುಬಾರಿಯದೂ ಆಯಿತು. ಕೆಡುವುದಾದರೆ ಅಗ್ಗದಲ್ಲೇ ಕೆಡಲಿ. ಶುಕ್ರವಾರ ಹಳೆಯದರಲ್ಲೇ ಮಾಡುತ್ತೇನೆ."

"ಮಾಡಿ" ಎಂದಳು ಹೆಂಡತಿ. "ನಾನೂ ಪಕ್ಕದಲ್ಲಿ ಕೂತಿರುತ್ತೇನೆ."

ಶುಕ್ರವಾರ ಬಂದಿತು. ಹೆಂಡತಿ ಮೊರದಲ್ಲಿ ಹುಣಸೆಹಣ್ಣು ಇಟ್ಟುಕೊಂಡು ನಾರು ತೆಗೆಯುತ್ತ ಪಕ್ಕದಲ್ಲೇ ಕುಳಿತಿದ್ದಳು. ಗಿರಾಕಿ ಫೋನು ಎತ್ತಿದ. ವರ್ತಕ ಮೊದಲ ಸಲ ಹೇಳಿದ್ದ ಬೆಲೆಯನ್ನೇ ಹೇಳಿದ. ಹೇಳಿ ಮುಗಿಸಿದ್ದೇ ತಡ, ಹೆಂಡತಿ ನಿಂಬೆಗಾತ್ರದ ಒಂದು ಉಂಡೆಯನ್ನು ಅವನ ಬಾಯಿಗೆ ತುರುಕಿದಳು.

ಹೊಸ ಹಣ್ಣು. ಹುಳಿ ನೆತ್ತಿಗೇರಿತು. ಕಣ್ಣು ತಾನಾಗಿ ಮುಚ್ಚಿತು. ಉಂಡೆ ಅಂಗುಳಿಗೆ ಅಂಟಿಕೊಂಡು ನಾಲಗೆ ಹೊರಳದಾಯಿತು. ಬೆಲೆ ಇಳಿಸಬೇಕೆಂದು ಪ್ರಾಣ ಚಡಪಡಿಸುತ್ತಿತ್ತು. ಇಳಿಸಲು ಬಾಯಿಯೇ ಇರಲಿಲ್ಲ. ಉಗುಳೋಣವೆಂದರೆ ಹೆಂಡತಿ ಕಣ್ಣು ಬಿಟ್ಟುಕೊಂಡು ಎದುರಿಗೇ ಕುಳಿತಿದ್ದಾಳೆ. ಬೇರೆ ದಾರಿ ಕಾಣದೆ, ಮೈಯೆಲ್ಲ ಕಿವಿಯಾಗಿ ಕೇಳುತ್ತ ಕುಳಿತ.

ಆಗ ಅವನಿಗೆ ಕೇಳಿಸಿತು. ಆ ಕಡೆ ದೂರದಲ್ಲಿ ಒಂದು ಮುದುಕಿಯ ಧ್ವನಿ. ಅವಳು ಏನೋ ಕೇಳುತ್ತಿದ್ದಳು. ಗಿರಾಕಿ ಅವರ ಭಾಷೆಯಲ್ಲಿ ಏನೋ ಹೇಳುತ್ತಿದ್ದ. ಅವಳು ಮತ್ತೆ ಕೇಳಿದಳು, ಅವನು ಮತ್ತೆ ಹೇಳಿದ. ಒಂದು ಲೋಟ ಕೆಳಗಿಟ್ಟ ಸದ್ದಾಯಿತು. ಆಮೇಲೆ ಗಿರಾಕಿ ಫೋನಿಗೆ ಬಾಯಿ ಕೊಟ್ಟು ಹೇಳಿದ:

"ಆಗಲಿ. ಆ ಬೆಲೆಗೇ ಕಳಿಸು. ಅಂದ ಹಾಗೆ, ನಿನಗೆ ಮೈ ಹುಷಾರಿದೆ ತಾನೆ? ಆ ಮನುಷ್ಯ ಇವತ್ತು ಇಷ್ಟು ಹೊತ್ತು ಸುಮ್ಮನಿದ್ದಾನಲ್ಲ, ಕೇಳು ಅಂತ ನಮ್ಮ ತಾಯಿ ಹೇಳುತ್ತಿದ್ದಾರೆ."

ವರ್ತಕ ಉಂಡೆಯನ್ನು ಕೆನ್ನೆಗೆ ಸರಿಸಿಕೊಂಡು ಕೇಳಿದ: "ಪಕ್ಕದಲ್ಲಿ ತಾಯಿ ಇರುತ್ತಾರೆಯೇ?"

"ಅಂಗಡಿ ಅವರದೇ. ಅವರಿಗೆ ಇಂಗ್ಲಿಷು ಬರುವುದಿಲ್ಲ. ನೀನು ಹೇಳಿದ ಬೆಲೆಯನ್ನು ನಾನು ಅವರಿಗೆ ಹೇಳಬೇಕು, ಅವರು ಹೂಂ ಅನ್ನಬೇಕು, ಆಮೇಲೆ ನಾನು ನಿನಗೆ ಹೇಳಬೇಕು."

"ಇಷ್ಟು ದಿನ ಯಾಕೆ ಹೇಳಲಿಲ್ಲ ಮಾರಾಯ?"

"ಹೇಳಲು ನೀನು ಎಲ್ಲಿ ಬಿಟ್ಟೆ?"

ಇಬ್ಬರೂ ನಕ್ಕರು. ಒಬ್ಬನ ನಗು ಇನ್ನೊಬ್ಬನಿಗೆ ಒಂದೆರಡು ಉಸಿರು ತಡವಾಗಿ ತಲುಪುತ್ತಿದ್ದುದರಿಂದ ಅದೂ ಸ್ವಲ್ಪ ಹೆಚ್ಚು ಹೊತ್ತೇ ನಡೆಯಿತು. ಹಣ್ಣು ಕೆಂಪಗಿರುವಾಗಲೇ ಹಡಗು ಹತ್ತಿತು. ಅಲ್ಲಿಂದಾಚೆಗೆ ವರ್ತಕ ಆ ಅಗ್ಗದ ಸೇವೆಯನ್ನು ಬಿಡಲಿಲ್ಲ. ಬೆಲೆ ಹೇಳುವುದು, ಸುಮ್ಮನಾಗುವುದು, ಆ ಕಡೆಯ ಮಾತು ಮುಗಿಯುವವರೆಗೆ ಕೇಳುವುದು. ಆ ಭಾಷೆ ತಿಳಿಯದಿದ್ದರೂ, ತಾಯಿ ಹೂಂ ಅಂದರೋ ಉಹೂಂ ಅಂದರೋ ಎಂಬುದು ಬರಬರುತ್ತ ಅವನಿಗೆ ತಿಳಿಯತೊಡಗಿತು. ಮುದುಕಿಗೆ ಕೆಮ್ಮು ಹಿಡಿದಿದ್ದರೆ ಅದೂ ತಿಳಿಯುತ್ತಿತ್ತು. ಒಮ್ಮೆ ಆ ಕೆಮ್ಮು ಕೇಳಿ, ಹಣ್ಣಿನ ಚೀಲಗಳ ಜೊತೆ ಹಿಪ್ಪಲಿ ಕಳಿಸಿದನಂತೆ.

ಗುರುಗಳು ಕತೆ ನಿಲ್ಲಿಸಿದರು. ಮೊದಲು ನಕ್ಕಿದ್ದ ಇಬ್ಬರು ಈಗ ಹತ್ತಿರ ಸರಿದು ಕುಳಿತಿದ್ದರು. ತೋಂಟದಾರ್ಯನ ಮುಖ ಅರಳಿತ್ತು. ಆದರೂ ವ್ಯಾಪಾರಿಯಲ್ಲವೇ, ಖಚಿತ ಮಾಡಿಕೊಳ್ಳದೆ ಏಳುವುದುಂಟೇ?

"ಹಾಗಾದರೆ ಅಗ್ಗದ್ದೇ ಸಾಕು ಎನ್ನುತ್ತೀರಾ, ಗುರುಗಳೇ?"

"ಅವರ ಮೇಜಿನ ಫೋನಿಗೆ ಕರೆ ಹೋಗಬೇಕು, ಮಾತು ತುಂಡಾಗಬಾರದು. ಅಷ್ಟು ಇದೆಯೇ ಎಂದು ಮೊದಲು ಒಂದು ಕರೆ ಮಾಡಿ ನೋಡು. ಇದ್ದರೆ ಸಾಕು, ಅದಕ್ಕಿಂತ ಹೆಚ್ಚು ಕೊಡಬೇಡ."

ತೋಂಟದಾರ್ಯ ಕೈಮುಗಿದು ಎದ್ದ. ಮೆಟ್ಟಿಲು ಇಳಿಯುವಾಗ ಇನ್ನೊಂದು ಮಾತು ಕೇಳಬೇಕೆನಿಸಿ ತಿರುಗಿ ನಿಂತ.

"ಸೋಮವಾರ ನಾನು ಬೆಲೆ ಹೇಳಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು, ಗುರುಗಳೇ?"

ಗುರುಗಳು ಹೇಳಿದರು: "ಆ ಕಡೆ ಇನ್ನೂ ಯಾರಿದ್ದಾರೆ ಎಂದು ನಿನಗೆ ಕೇಳಿಸುವವರೆಗೆ."