ಹಿತ್ತಾಳೆ ಕೊಡ ಮತ್ತು ನಾರಿನ ಹಗ್ಗ

ಪಟೇಲರ ಮನೆಯ ಹಿತ್ತಾಳೆ ಕೊಡ ದೊಡ್ಡ ವಂಶದ್ದು. ಅದರ ಅಜ್ಜಿ ಹಂಡೆ, ತಾಯಿ ಕೊಪ್ಪರಿಗೆ. ತಲೆತಲಾಂತರದ ಮದುವೆಗಳಿಗೆ ನೀರು ಕಾಯಿಸಿದ ಮನೆತನ, ಯಾರ ಮೈಮೇಲೂ ಕಿಲುಬಿನ ಕಲೆ ಇರಲಿಲ್ಲ. ಅಂಥ ಕೊಡದ ಕೊರಳಿಗೆ ಒಂದು ಬೆಳಿಗ್ಗೆ ಹೊಸ ಹಗ್ಗ ಬಿತ್ತು. ಊರಿನ ಹೆಂಗಸರು ಕೂಡಿ ನಡೆಸುವ ತೆಂಗಿನ ನಾರಿನ ಕೊಟ್ಟಿಗೆಯಲ್ಲಿ ಸಣ್ಣಲಿಂಗಮ್ಮ ಹೊಸೆದ ಹಗ್ಗ ಅದು. ಇದು ಬಾಳಿಕೆ ಬಂದರೆ ಊರಿನ ಬಾವಿಗಳಿಗೆಲ್ಲ ಇನ್ನು ಅವರದೇ ಹಗ್ಗ ಎಂದು ಪಟೇಲರ ಹೆಂಡತಿ ಮಾತು ಕೊಟ್ಟಿದ್ದರು.

ಕೊಡ ಮೂಗು ಮುರಿಯಿತು. "ಕೆಸರಿನ ವಾಸನೆ! ಇಷ್ಟು ದಿನ ಎಲ್ಲಿದ್ದೆ?"

"ಕಾಯಿಸಿಪ್ಪೆ ನೆನೆಸುವ ಗುಂಡಿಯಲ್ಲಿದ್ದೆ, ತಾಯಿ. ನೆನೆಯದೆ ನಾರು ಬಿಡುವುದಿಲ್ಲ."

"ನಿನ್ನ ಒಂದೊಂದು ಎಳೆಯ ತಿರುವೂ ಬಲಕ್ಕಿದೆ, ಎಳೆಗಳನ್ನು ಕೂಡಿಸಿದ ಹೊಸೆತ ಎಡಕ್ಕಿದೆ. ಒಳಗೊಳಗೇ ಕಚ್ಚಾಡುವ ಮನೆಯನ್ನು ನಾನು ನಂಬುವುದಿಲ್ಲ."

"ಆ ಎದುರುಬದುರಿನ ಬಿಗಿಯೇ ನನ್ನನ್ನು ಹಿಡಿದಿರುವುದು, ತಾಯಿ."

"ಕಳ್ಳರೆಲ್ಲ ಹೀಗೇ ನಯವಾಗಿ ಮಾತಾಡುತ್ತಾರೆ," ಎಂದ ಕೊಡ, ನಿಜ ಬಯಲಿಗೆಳೆಯುತ್ತೇನೆಂದು ಬಾವಿಗೆ ಇಳಿಯುತ್ತಲೇ ಹೊಸೆತ ಬಿಚ್ಚುವ ದಿಕ್ಕಿಗೆ ಗಿರಗಿರನೆ ಸುತ್ತಿತು. ಹುರಿ ಸಡಿಲವಾಯಿತು, ಕುಣಿಕೆ ಜಾರಿತು, ಕೊಡ ತಳ ಸೇರಿತು. ಅಲ್ಲಿ ಕೆಸರಿನಲ್ಲಿ ಅರ್ಧ ಹೂತುಕೊಂಡು, "ಹಗ್ಗ ಹರಿಯಿತು! ಹೆಂಗಸರ ಕೆಲಸ ಇಷ್ಟೇ!" ಎಂದು ಕೂಗಿತು.

ಸ್ವಲ್ಪ ಹೊತ್ತಿಗೆ ಪಾತಾಳಗರಡಿಯ ಕೊಕ್ಕೆ ಇಳಿದು ಬಂದು ಕೊಡದ ಕಂಠಕ್ಕೆ ಸಿಕ್ಕಿಕೊಂಡಿತು. ಆ ಕೊಕ್ಕೆಯನ್ನು ಕಟ್ಟಿದ್ದದ್ದು ಅದೇ ಹಗ್ಗಕ್ಕೆ. ಅದರ ಒಂದು ಎಳೆಯೂ ತುಂಡಾಗಿರಲಿಲ್ಲ.

"ನಾನು ಹರಿಯಲಿಲ್ಲ, ನೀವು ಸುತ್ತಿದಿರಿ," ಎಂದಿತು ಹಗ್ಗ. "ಮೇಲೆ ಹೋದ ಕೂಡಲೇ ಎಲ್ಲರೆದುರು ಅದನ್ನು ಒಪ್ಪಿಕೊಂಡು ಸಣ್ಣಲಿಂಗಮ್ಮನವರ ಕ್ಷಮೆ ಕೇಳಿ."