ಹೆಬ್ಬಾಗಿಲ ಬೀಗದ ಕೈ

ಶಿಷ್ಯ ಕೇಳಿದ: “ಗುರುಗಳೇ, ತಂದೆಯ ಆಸ್ತಿಯನ್ನೆಲ್ಲ ತಮ್ಮನಿಗೆ ಬಿಟ್ಟು ಬಂದು ಹತ್ತು ವರ್ಷವಾಯಿತು. ಆ ಮನೆಯ ಹಂಬಲ ಮಾತ್ರ ಇನ್ನೂ ಬಿಟ್ಟಿಲ್ಲ. ಯಾಕೆ?”

ಗುರುಗಳು ಹೇಳಿದರು:

ಐರ್ಲೆಂಡ್ ಎಂಬ ದ್ವೀಪದಲ್ಲಿ ಇಂಗ್ಲಿಷ್ ಮೂಲದ ಒಬ್ಬ ಜಮೀನ್ದಾರನಿದ್ದ. ಅವನಿಗೆ ಒಬ್ಬಳೇ ಮಗಳು. ಮನೆತನದ ಆಸ್ತಿ ಗಂಡಸರಿಗೇ ಸೇರಬೇಕೆಂದು ಮುತ್ತಾತ ಬರೆದಿಟ್ಟಿದ್ದ. ಸತ್ತವರ ಹಟಕ್ಕೆ ಮದ್ದೆಲ್ಲಿದೆ? ತಂದೆ ತೀರಿಕೊಂಡದ್ದೇ ತಡ, ದೂರದ ದಾಯಾದಿಯೊಬ್ಬ ಬಂದು ಬಂಗಲೆ ಹಿಡಿದ. ಹುಟ್ಟಿ ಬೆಳೆದ ಮನೆಯಲ್ಲಿ ಅವಳು ಒಂದೇ ದಿನಕ್ಕೆ ಹೊರಗಿನವಳಾದಳು.

ಅಂದೇ ಅಡುಗೆಯವಳೂ ಹೊರಟಳು. ಮನೆ ಬದಲಿಸುವಾಗ ಹಳೆಯ ಒಲೆಯ ಬೆಂಕಿಯನ್ನು ಹೊಸ ಒಲೆಗೆ ಒಯ್ಯುವುದು ಆ ನಾಡಿನ ಬಡವರ ರೂಢಿ. ಅವಳು ಕಬ್ಬಿಣದ ಗಡಿಗೆಗೆ ಕೆಂಡ ತುಂಬಿಕೊಳ್ಳುತ್ತ, “ಅಮ್ಮಾವ್ರೇ, ನಿಮಗೂ ಎರಡು ಕೆಂಡ ಹಾಕಿಕೊಡಲೇ?” ಎಂದಳು.

ಧಣಿಯ ಮಗಳಿಗೆ ಅಳುವಿನ ನಡುವೆಯೂ ನಗು ಬಂತು. “ಬೆಂಕಿಗೇನು ಬರವೇ?” ಎಂದಳು. ಹೆಬ್ಬಾಗಿಲ ಬೀಗದ ಕೈಯನ್ನು ಮೆಲ್ಲಗೆ ಗೋಡೆಯ ಮೊಳೆಯಿಂದ ತೆಗೆದು ಜೇಬಿಗಿಳಿಸಿದಳು.

ಕಡಲತೀರದ ಊರಿನಲ್ಲಿ, ಬಾಡಿಗೆಯ ಕೋಣೆಯಲ್ಲಿ ನಲವತ್ತು ವರ್ಷ ಕಳೆದಳು. ಮದುವೆಗೆ ಕೇಳಿದವರಿದ್ದರು, ಒಲ್ಲೆ ಎಂದಳು. ಬೇರೆ ಮನೆ ತನ್ನದಾಗುವುದೇ ಅವಳಿಗೆ ಬೇಕಿರಲಿಲ್ಲ. ಕಣ್ಣು ಮುಚ್ಚಿದರೆ ಆ ಮನೆಯ ಮೆಟ್ಟಿಲು, ಆ ಮನೆಯ ಕಿಟಕಿ. ಅವಳು ಹೊರಟ ಮಾರನೆಯ ದಿನವೇ ದಾಯಾದಿ ಬೀಗ ಬದಲಿಸಿದ್ದು ಅವಳಿಗೆ ತಿಳಿಯಲೇ ಇಲ್ಲ.

ಕೊನೆಗೊಂದು ದಿನ ತಡೆಯಲಾರದೆ ಆ ಮನೆಗೆ ಹೋದಳು. ಹಿಂದಿನ ಚಳಿಗಾಲ ಜಮೀನ್ದಾರರ ವಿರುದ್ಧ ಎದ್ದ ದಂಗೆಯಲ್ಲಿ ಬಂಗಲೆ ಸುಟ್ಟುಹೋಗಿತ್ತು. ಗೋಡೆಗಳಿದ್ದವು, ಬಾಗಿಲಿರಲಿಲ್ಲ. ಬೀಗದ ಕೈ ಹಿಡಿದುಕೊಂಡು ಅವಳು ಬಾಗಿಲಿದ್ದ ಜಾಗದಲ್ಲಿ ನಿಂತಳು.

ಬೇಲಿಯಾಚೆ ಒಂದು ಗುಡಿಸಲಿನಿಂದ ಹೊಗೆ ಏಳುತ್ತಿತ್ತು. ಬಾಗಿಲಲ್ಲಿ ಅದೇ ಅಡುಗೆಯವಳು, ಈಗ ಹಣ್ಣುಹಣ್ಣು ಮುದುಕಿ. “ಬನ್ನಿ ಅಮ್ಮಾವ್ರೇ, ಚಳಿ ಕಾಯಿಸಿಕೊಳ್ಳಿ. ನಿಮ್ಮ ಅಡುಗೆಮನೆಯ ಬೆಂಕಿಯೇ ಇದು. ಒಂದು ದಿನವೂ ಆರಗೊಟ್ಟಿಲ್ಲ.”

ಅವಳು ಒಲೆಯ ಮುಂದೆ ಕುಳಿತಳು. ಹೊಗೆಯ ವಾಸನೆ ಮೂಗಿಗೆ ಬಡಿದದ್ದೇ ಬಿಕ್ಕಿ ಬಿಕ್ಕಿ ಅತ್ತಳು. “ನಮ್ಮದು ಅಂತ ಉಳಿದದ್ದು ಇದೊಂದೇ” ಎಂದಳು.

ಮುದುಕಿ ಬೂದಿ ಕೆದಕಿದಳು. “ನಮ್ಮ ಮುತ್ತಜ್ಜಿಯ ಗುಡಿಸಲು ಕೀಳಿಸಿಯೇ ನಿಮ್ಮ ಮುತ್ತಾತ ಆ ಬಂಗಲೆ ಕಟ್ಟಿಸಿದ್ದು. ಹೊಸ ಅಡುಗೆಮನೆಗೆ ಮೊದಲ ಕೆಂಡ ಕೊಟ್ಟವಳೂ ಅವಳೇ. ಬೆಂಕಿ ಕೇಳಿದವರಿಗೆ ಇಲ್ಲ ಅನ್ನಬಾರದಲ್ಲ, ಅಮ್ಮಾವ್ರೇ.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಅವಳು ಕಣ್ಣೊರೆಸಿಕೊಂಡು ಕೇಳಿದಳು: “ನನಗೂ ಎರಡು ಕೆಂಡ ಕೊಡುತ್ತೀಯಾ?”

ಮುದುಕಿ ಗಡಿಗೆ ತುಂಬಿಕೊಟ್ಟಳು. ಭಾರವಿತ್ತು, ಎರಡೂ ಕೈ ಬೇಕಾಯಿತು. ಹಿಡಿದಿದ್ದ ಬೀಗದ ಕೈಯನ್ನು ಅವಳು ಒಲೆಯ ಬದಿಯಲ್ಲೇ ಬಿಟ್ಟು ಹೊರಟಳು.

ಕತೆ ಮುಗಿಯಿತು. ಶಿಷ್ಯ, “ನಾನು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲವಲ್ಲ, ಗುರುಗಳೇ” ಎಂದ.

ಗುರುಗಳು ಅವನ ಸೊಂಟದ ಕಡೆ ನೋಡಿದರು.

“ನಿನ್ನ ಉಡಿದಾರಕ್ಕೆ ಕಟ್ಟಿಕೊಂಡಿದ್ದೀಯಲ್ಲ, ಆ ಬೀಗದ ಕೈ ಯಾವ ಮನೆಯದಪ್ಪಾ?”